ನಿಮ್ಮ ವೆಬ್‌ಸೈಟ್ ಯಾವ ಭಾಷೆಯದು? ಪತ್ತೆ ಮಾಡುವ ಬಗೆ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಹೋಂಸ್ಟೇ ಮಾಲೀಕರು ವೆಬ್‌ಸೈಟ್ ಕೆಟ್ಟು ನಿಂತಾಗ ನನಗೆ ಫೋನ್ ಮಾಡುವುದುಂಟು. ಮಾಡಿಕೊಟ್ಟವರು ಅಷ್ಟರಲ್ಲಿ ನಂಬರ್ ಬದಲಿಸಿರುತ್ತಾರೆ. ಹೊಸಬರನ್ನು ಹುಡುಕಿದರೆ ಅವರು ಕೇಳುವ ಮೊದಲ ಪ್ರಶ್ನೆ, ‘ಸೈಟ್ ಯಾವುದರಲ್ಲಿ ಮಾಡಿದ್ದು?’ ಅಂದರೆ, ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಂದು. ಕಳೆದ ಮಳೆಗಾಲದಲ್ಲಿ ಸುಂಟಿಕೊಪ್ಪದ ತೋಟದ ಮಾಲೀಕರೊಬ್ಬರು ತಮ್ಮ ಪುಟದ ಮೂಲವನ್ನು, ಅಂದರೆ ಅದರ ಹಿಂದಿರುವ ಕೋಡನ್ನು, ತೆರೆದು, ಅದರಲ್ಲಿ ಜಾವಾಸ್ಕ್ರಿಪ್ಟ್ ಎಂಬ ಪದವನ್ನು ಕಂಡದ್ದೇ ತಡ, ಜಾವಾ ಬಲ್ಲವರೊಬ್ಬರಿಗೆ ಮುಂಗಡ ಕೊಟ್ಟುಬಿಟ್ಟಿದ್ದರು. ಸೈಟ್ ಇದ್ದದ್ದು ಪಿಎಚ್‌ಪಿ ಎಂಬ ಬೇರೆಯದೇ ಭಾಷೆಯಲ್ಲಿ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ರೂಪಿಸಿದ ಭಾಷೆಗೆ ಆಗ ಹೆಸರು ಮಾಡುತ್ತಿದ್ದ ಜಾವಾದ ಹೆಸರನ್ನು ಅಂಟಿಸಿದ್ದರಿಂದ ಈ ಗೊಂದಲ ಹುಟ್ಟಿದೆ. ಎರಡೂ ಬೇರೆ ಬೇರೆ ಭಾಷೆಗಳು.

ಮೊದಲು ಒಂದು ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಬೇಕು. ನೋಡುವವರ ಬ್ರೌಸರ್‌ನಲ್ಲಿ ಓಡುವ ಭಾಷೆ ಹೆಚ್ಚುಕಡಿಮೆ ಎಲ್ಲ ಸೈಟ್‌ಗಳಲ್ಲೂ ಜಾವಾಸ್ಕ್ರಿಪ್ಟೇ ಆಗಿರುವುದರಿಂದ ಅದನ್ನು ಕಂಡುಹಿಡಿದು ಪ್ರಯೋಜನವಿಲ್ಲ. ನಮಗೆ ಬೇಕಾದದ್ದು ಸರ್ವರ್‌ನಲ್ಲಿ, ಅಂದರೆ ಸೈಟ್ ಇಟ್ಟಿರುವ ದೂರದ ಕಂಪ್ಯೂಟರ್‌ನಲ್ಲಿ, ಓಡುವ ಭಾಷೆ: ಪಿಎಚ್‌ಪಿ, ಪೈಥಾನ್, ರೂಬಿ, ಜಾವಾ, ಸಿ ಶಾರ್ಪ್, ಇಲ್ಲವೇ ನೋಡ್ ಮೂಲಕ ಅಲ್ಲಿಯೂ ಓಡುವ ಜಾವಾಸ್ಕ್ರಿಪ್ಟ್. ಆ ಭಾಷೆಯಲ್ಲಿ ಬರೆದ ಸಾಲುಗಳು ಸರ್ವರ್ ಬಿಟ್ಟು ಹೊರಗೆ ಬರುವುದಿಲ್ಲ. ರಾತ್ರಿ ತೋಟಕ್ಕೆ ನುಗ್ಗಿದ ಆನೆಯನ್ನು ಬೆಳಿಗ್ಗೆ ಹೆಜ್ಜೆ, ಲದ್ದಿ, ಮುರಿದ ಬಾಳೆಯಿಂದ ತಿಳಿಯುವ ಹಾಗೆ, ಇಲ್ಲಿಯೂ ಗುರುತುಗಳನ್ನೇ ಓದಬೇಕು.

ಮೊದಲ ಹೆಜ್ಜೆ: ಕಂಪ್ಯೂಟರ್‌ನಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ಖಾಸಗಿ ಕಿಟಕಿಯನ್ನು (ಪ್ರೈವೇಟ್ ವಿಂಡೋ) ತೆರೆಯಿರಿ. ಮೊಬೈಲ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಎರಡನೆಯ ಹೆಜ್ಜೆ: ಸೈಟ್‌ಗೆ ಹೋಗಿ, ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ ಪುಟದ ಮೂಲವನ್ನು ತೆರೆದು ‘ಡಬ್ಲ್ಯೂಪಿ-ಕಂಟೆಂಟ್’ (wp-content) ಎಂಬುದನ್ನು ಹುಡುಕಿ. ಅದು ನಿಮ್ಮದೇ ವಿಳಾಸದ ಜೊತೆ ಸಿಕ್ಕಿದರೆ ಸೈಟ್ ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ಸಿದ್ಧ ತಂತ್ರಾಂಶದ್ದು, ವರ್ಡ್‌ಪ್ರೆಸ್ ಎಂದರೆ ಪಿಎಚ್‌ಪಿ. ಜಗತ್ತಿನ ಸೈಟ್‌ಗಳಲ್ಲಿ ಶೇ 40ಕ್ಕೂ ಹೆಚ್ಚು ಇದರಲ್ಲೇ ಇರುವುದರಿಂದ ಹಲವರ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ.

ಮೂರನೆಯ ಹೆಜ್ಜೆಯಲ್ಲೇ ಜನ ಎಡವುವುದು. ಇದನ್ನು ನಿಧಾನವಾಗಿ ಓದಿ. ಎಫ್12 ಒತ್ತಿ, ಕೆಳಗೆ ತೆರೆದುಕೊಳ್ಳುವ ಪಟ್ಟಿಯಲ್ಲಿ ‘ನೆಟ್‌ವರ್ಕ್’ ಎಂಬುದನ್ನು ಆರಿಸಿ, ಆಮೇಲೆ ಪುಟವನ್ನು ಮತ್ತೊಮ್ಮೆ ಲೋಡ್ ಮಾಡಿ. ಈ ‘ಆಮೇಲೆ’ಯನ್ನು ಮರೆತವರಿಗೆ ಖಾಲಿ ಜಾಗ ಕಾಣುತ್ತದೆ. ಲೋಡ್ ಆದಂತೆ ಹತ್ತಾರು ಸಾಲುಗಳು ಇಳಿಯುತ್ತವೆ: ಚಿತ್ರಗಳು, ಅಕ್ಷರವಿನ್ಯಾಸ, ನಕ್ಷೆ, ಜಾಹೀರಾತು. ಅವುಗಳಲ್ಲಿ ಹಲವು ಬೇರೆ ಕಂಪನಿಗಳ ಸರ್ವರ್‌ನಿಂದ ಬಂದವು. ಕಣ್ಣಿಗೆ ಬಿದ್ದ ಸಾಲಿನ ಮೇಲೆ ಕ್ಲಿಕ್ಕಿಸಿ, ಗೂಗಲ್‌ನ ಸರ್ವರ್ ಹೇಳಿದ್ದನ್ನು ತಮ್ಮ ಸೈಟ್‌ನ ವಿವರವೆಂದು ಬರೆದುಕೊಂಡವರನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಫೈರ್‌ಫಾಕ್ಸ್ ಪ್ರತಿ ಸಾಲಿನಲ್ಲೂ ಅದು ಯಾವ ವಿಳಾಸದಿಂದ ಬಂತೆಂಬುದನ್ನು ತಾನಾಗಿಯೇ ತೋರಿಸುತ್ತದೆ. ನಾನು ಅದನ್ನೇ ಬಳಸಿ ಎಂದು ಪಟ್ಟು ಹಿಡಿಯುವುದು ಇದಕ್ಕಾಗಿ. ಪಟ್ಟಿಯ ಮೇಲ್ತುದಿಗೆ ಹೋಗಿ, ನಿಮ್ಮ ವಿಳಾಸವಿರುವ, 200 ಎಂಬ ಸಂಖ್ಯೆಯಿರುವ ಎಚ್‌ಟಿಎಂಎಲ್ ಸಾಲನ್ನು ಹಿಡಿಯಿರಿ. 301 ಎಂದಿದ್ದರೆ ಅದು ಬೇರೆ ವಿಳಾಸಕ್ಕೆ ದಾರಿ ತೋರಿಸುವ ಸಾಲು, ಅದರ ಕೆಳಗಿನದನ್ನು ನೋಡಿ. ಬೇಕಾದದ್ದು ಈ ಒಂದೇ ಸಾಲಾದ್ದರಿಂದ, ಮಳೆಗೆ ನೆಟ್‌ವರ್ಕ್ ಕೈಕೊಟ್ಟು ಚಿತ್ರಗಳು ಅರ್ಧಕ್ಕೆ ನಿಂತರೂ ಕೆಲಸ ಕೆಡುವುದಿಲ್ಲ.

ಆ ಸಾಲನ್ನು ಕ್ಲಿಕ್ಕಿಸಿದಾಗ ಬಲಕ್ಕೆ ‘ರೆಸ್ಪಾನ್ಸ್ ಹೆಡರ್ಸ್’ ಎಂಬ ಭಾಗ, ಅಂದರೆ ಪುಟದ ಜೊತೆಗೆ ಸರ್ವರ್ ಕಳುಹಿಸಿದ ವಿವರಗಳು, ತೆರೆಯುತ್ತದೆ. ಅಲ್ಲಿ ‘ಎಕ್ಸ್-ಪವರ್ಡ್-ಬೈ’ ಇದ್ದರೆ ಅದರ ಮುಂದೆ ಪಿಎಚ್‌ಪಿ 7.4 ಎಂದೋ, ಎಎಸ್‌ಪಿ ಡಾಟ್ ನೆಟ್ ಎಂದೋ, ಎಕ್ಸ್‌ಪ್ರೆಸ್ ಎಂದೋ ಇರುತ್ತದೆ. ಎಎಸ್‌ಪಿ ಡಾಟ್ ನೆಟ್ ಎಂದರೆ ಬಹುಮಟ್ಟಿಗೆ ಸಿ ಶಾರ್ಪ್, ಎಕ್ಸ್‌ಪ್ರೆಸ್ ಎಂದರೆ ನೋಡ್. ಆವೃತ್ತಿಯ ಸಂಖ್ಯೆಯನ್ನು ತಪ್ಪದೆ ಬರೆದುಕೊಳ್ಳಿ, ಏಕೆಂದರೆ ಪಿಎಚ್‌ಪಿ 5.6ಕ್ಕೆ 2018ರ ಕೊನೆಗೂ 7.4ಕ್ಕೆ 2022ರ ನವೆಂಬರ್‌ನಲ್ಲೂ ಸುರಕ್ಷತಾ ತಿದ್ದುಪಡಿಗಳು ನಿಂತುಹೋಗಿವೆ. ಪಕ್ಕದಲ್ಲೇ ಕಾಣುವ ‘ಸರ್ವರ್’ ಎಂಬ ಸಾಲಿನ ಅಪಾಚೆ, ಎಂಜಿನ್ಎಕ್ಸ್, ಲೈಟ್‌ಸ್ಪೀಡ್ ಯಾವುವೂ ಭಾಷೆಗಳಲ್ಲ, ಪುಟಗಳನ್ನು ಕಳುಹಿಸುವ ತಂತ್ರಾಂಶಗಳು. ಕ್ಲೌಡ್‌ಫ್ಲೇರ್ ಎಂದಿದ್ದರೆ ನಡುವೆ ಒಬ್ಬ ಮಧ್ಯವರ್ತಿ ನಿಂತಿದ್ದಾನೆ ಎಂದಷ್ಟೇ ಅರ್ಥ.

ಎಕ್ಸ್-ಪವರ್ಡ್-ಬೈ ಕಾಣದಿದ್ದರೆ ಗಾಬರಿಯಾಗಬೇಡಿ. ಜಾಗ್ರತೆಯುಳ್ಳವರು ಅದನ್ನು ಬೇಕೆಂದೇ ಮುಚ್ಚಿಡುತ್ತಾರೆ. ಆಗ ‘ಸ್ಟೋರೇಜ್’ ವಿಭಾಗದಲ್ಲಿರುವ ಕುಕೀಗಳ, ಅಂದರೆ ಸೈಟ್ ನಿಮ್ಮ ಬ್ರೌಸರ್‌ನಲ್ಲಿ ಇಡುವ ಸಣ್ಣ ಗುರುತುಗಳ, ಹೆಸರನ್ನು ಓದಿ. ಪಿಎಚ್‌ಪಿಸೆಸ್‌ಐಡಿ ಅಥವಾ ಲಾರಾವೆಲ್ ಸೆಷನ್ ಇದ್ದರೆ ಪಿಎಚ್‌ಪಿ. ಜೆಸೆಷನ್ಐಡಿ ಇದ್ದರೆ ಜಾವಾ. ಸಿಎಸ್‌ಆರ್‌ಎಫ್‌ಟೋಕನ್ ಇದ್ದರೆ ಬಹುಮಟ್ಟಿಗೆ ಪೈಥಾನ್‌ನ ಜಾಂಗೋ. ಮುಖಪುಟದಲ್ಲಿ ಕುಕೀ ಇಲ್ಲದಿರುವುದು ಸಾಮಾನ್ಯ. ಲಾಗಿನ್ ಅಥವಾ ಕೊಠಡಿ ಕಾಯ್ದಿರಿಸುವ ಪುಟಕ್ಕೆ ಹೋದಾಗಲೇ ಅದು ಹುಟ್ಟುವುದುಂಟು, ಹಾಗಾಗಿ ಆ ಪುಟಗಳಿಗೆ ಹೋಗಿಯೇ ನೋಡಬೇಕು. ಅಲ್ಲಿನ ಅರ್ಜಿಯ ಮೂಲದಲ್ಲಿ ‘ವ್ಯೂಸ್ಟೇಟ್’ ಎಂಬ ಉದ್ದನೆಯ ಅಡಗಿದ ಸಾಲಿದ್ದರೆ ಅದು ಎಎಸ್‌ಪಿ ಡಾಟ್ ನೆಟ್‌ನ ಗುರುತು. ಆದರೆ ಬುಕಿಂಗ್ ಪುಟ ಹಲವು ವೇಳೆ ಹೊರಗಿನ ಕಂಪನಿಯದಾಗಿರುತ್ತದೆ. ವಿಳಾಸ ಬದಲಾಯಿತೇ ಎಂದು ಗಮನಿಸದೆ ತೀರ್ಮಾನಿಸಬೇಡಿ. ಎರಡು ಗುರುತುಗಳು ಒಂದೇ ಭಾಷೆಯನ್ನು ಹೇಳುವವರೆಗೆ ನಾನು ಯಾರಿಗೂ ಖಚಿತವಾಗಿ ಹೇಳುವುದಿಲ್ಲ.

ಸೈಟ್ ಯಾವುದರಲ್ಲಿದೆ ಎಂದು ತಾವೇ ಹೇಳುವ ವಾಪಲೈಸರ್, ಬಿಲ್ಟ್‌ವಿತ್‌ನಂಥ ಸಾಧನಗಳು ಇರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಅವೂ ಇವೇ ಗುರುತುಗಳನ್ನು ಓದಿ ಊಹಿಸುತ್ತವೆ. ಮೊದಲ ಸುಳಿವಿಗೆ ಬಳಸಬಹುದು, ಆದರೆ ನೀವು ತೆರೆಯುವ ಎಲ್ಲ ಪುಟಗಳನ್ನೂ ಓದಲು ಅನುಮತಿ ಕೇಳುವ ಯಾವುದೇ ಎಕ್ಸ್‌ಟೆನ್ಷನ್ ಅನ್ನು ಕೆಲಸ ಮುಗಿದ ಕೂಡಲೇ ತೆಗೆದುಹಾಕಿ. ಇದನ್ನೇ ಬಣ್ಣದ ಪಿಡಿಎಫ್ ಮಾಡಿ ದುಡ್ಡಿಗೆ ಮಾರುವ ‘ತಾಂತ್ರಿಕ ವರದಿ’ಗಳಿಗೆ ಬಿಡಿಗಾಸೂ ಕೊಡಬೇಡಿ. ಸರ್ವರ್‌ನ ದೌರ್ಬಲ್ಯ ಕೆದಕುವ ಸ್ಕ್ಯಾನರ್‌ಗಳನ್ನು ಪಕ್ಕದ ಹೋಂಸ್ಟೇಯ ಸೈಟ್ ಮೇಲೆ ಓಡಿಸುವುದಂತೂ ಬೇಡವೇ ಬೇಡ.

ಹೋಸ್ಟಿಂಗ್‌ನ (ಸೈಟ್ ಇಟ್ಟಿರುವ ಬಾಡಿಗೆ ಜಾಗದ) ಪಾಸ್‌ವರ್ಡ್ ನಿಮ್ಮ ಬಳಿಯೇ ಇದ್ದರೆ ಮೇಲಿನ ಯಾವ ಹೆಜ್ಜೆಯೂ ಬೇಕಾಗಿಲ್ಲ. ಒಳಹೊಕ್ಕು ಕಡತಗಳ ಹೆಸರಿನ ಕೊನೆಯನ್ನು ನೋಡಿದರಾಯಿತು. ‘ಮ್ಯಾನೇಜ್ ಡಾಟ್ ಪಿವೈ’ ಇದ್ದರೆ ಜಾಂಗೋ, ‘ಜೆಮ್‌ಫೈಲ್’ ಇದ್ದರೆ ರೂಬಿ, ಬರೀ ಎಚ್‌ಟಿಎಂಎಲ್ ಕಡತಗಳಿದ್ದರೆ ಸರ್ವರ್‌ನಲ್ಲಿ ಯಾವ ಭಾಷೆಯೂ ಇಲ್ಲದಿರಬಹುದು.

ಕೊನೆಗೆ, ಹೆಡರ್‌ಗಳ ಸ್ಕ್ರೀನ್‌ಶಾಟ್ ತೆಗೆದು ದಿನಾಂಕ ಬರೆದಿಟ್ಟು, ಹೊಸಬರಿಗೆ ಎರಡು ಸಾಲು ಕಳುಹಿಸಿ. ಸುಂಟಿಕೊಪ್ಪದವರು ಎರಡನೆಯ ಬಾರಿ ಕಳುಹಿಸಿದ್ದು ಹೀಗಿತ್ತು: ‘ಪಿಎಚ್‌ಪಿ 5.6, ವರ್ಡ್‌ಪ್ರೆಸ್, ಮುಂದೆ ಕ್ಲೌಡ್‌ಫ್ಲೇರ್. ಬುಕಿಂಗ್ ಪುಟ ಬೇರೆ ಕಂಪನಿಯದು, ಅದನ್ನು ಮುಟ್ಟಬೇಡಿ. ಎಷ್ಟಾಗುತ್ತದೆ ತಿಳಿಸಿ.’