ಕೂಸಿನ ಜಿಂಕ್ ಟೆಸ್ಟ್: ಗಂಗಾವತಿಯ ನನ್ನ ಲ್ಯಾಬ್‌ನಲ್ಲಿ ಸರಿಹೋದದ್ದು ಹೇಗೆ

ಊರಿನ ಮಕ್ಕಳ ಡಾಕ್ಟರುಗಳು ಈಗ ರಕ್ತದ ಜಿಂಕ್ ಟೆಸ್ಟ್ ಬರೆದರೆ ನನ್ನ ಲ್ಯಾಬಿಗೇ ಕಳಿಸುತ್ತಾರೆ. ಮೂರ್ನಾಲ್ಕು ವರ್ಷದ ಹಿಂದೆ ಇದೇ ಟೆಸ್ಟ್ ಅಂದರೆ ದುಡ್ಡು ದಂಡ ಅನ್ನುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಪದೇ ಪದೇ ನ್ಯುಮೋನಿಯಾ ಆಗುವ, ತೂಕ ಏರದ ಕೂಸಿಗೆ ಜಿಂಕ್ ಕೊರತೆ ಇದೆಯೇ ಅಂತ ನೋಡಿದರೆ ರಿಪೋರ್ಟಲ್ಲಿ ಡೆಸಿಲೀಟರಿಗೆ 130, 150 ಮೈಕ್ರೋಗ್ರಾಂ ಅಂತ ಬರುತ್ತಿತ್ತು. ವಾರ ಬಿಟ್ಟು ತೆಗೆದರೆ ಅದೇ ಕೂಸಿಗೆ 50. ಯಾವುದನ್ನು ನಂಬಬೇಕು?

ಅಳೆಯುವ ಮಷೀನ್ ನನ್ನಲ್ಲಿಲ್ಲ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೇರ್ಪಡಿಸಿ ಬೆಂಗಳೂರಿನ ಲ್ಯಾಬಿಗೆ ಕಳಿಸುವುದಷ್ಟೇ ನಮ್ಮ ಕೆಲಸ. ಆದರೆ ಕೆಡುವುದೆಲ್ಲಾ ಇಲ್ಲೇ.

ಮೊದಲು ಅನುಮಾನ ಬಂದದ್ದು ಟ್ಯೂಬಿನ ಮೇಲೆ. ಡೀಅಯೋನೈಸ್ಡ್ (ಲವಣ ತೆಗೆದ) ನೀರನ್ನು ಸಿರಿಂಜಲ್ಲಿ ಎಳೆದು, ಮಾಮೂಲಿ ಕೆಂಪು ಮುಚ್ಚಳದ ಟ್ಯೂಬಿಗೆ ಹಾಕಿ, ಒಂದು ತಾಸು ಮಲಗಿಸಿಟ್ಟು, ರಕ್ತದ ಸ್ಯಾಂಪಲ್ ಜೊತೆಗೇ ಕಳಿಸಿದೆ. ಬರೀ ನೀರಲ್ಲೂ ಜಿಂಕ್ ಬಂತು! ರಬ್ಬರ್ ಮುಚ್ಚಳದಿಂದ ಇಳಿದದ್ದು ಅದು. ಆ ರಿಪೋರ್ಟ್ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದೆ. ಅಲ್ಲಿಂದ ಅವರು ನನ್ನ ಮಾತು ಕೇಳತೊಡಗಿದರು. ಈ ನೀರಿನ ಪರೀಕ್ಷೆಗೆ ನನ್ನ ಕೈಯಿಂದ ಹೋದ ದುಡ್ಡು ನಾಲ್ಕೈದು ಸಾವಿರ. ಒಂದು ರೂಪಾಯಿಯೂ ವ್ಯರ್ಥವಲ್ಲ.

ಜಿಂಕ್‌ನಂಥ ಲೋಹ ಅಳೆಯಲೆಂದೇ ಬರುವ ಕಡುನೀಲಿ ಮುಚ್ಚಳದ ಟ್ಯೂಬಿಗೆ ಬದಲಾದ ಮೇಲೂ ಕೆಲವು ಸಂಖ್ಯೆ ಹಾರುತ್ತಲೇ ಇದ್ದವು. ಆಗ ಕಣ್ಣು ಹೋದದ್ದು ಕೂಸಿನ ತೋಳಿನ ಮೇಲೆ. ಬೇಸಿಗೆಯಲ್ಲಿ ಬೆವರುಸಾಲೆಗೆ ಕ್ಯಾಲಮೈನ್ ಹಚ್ಚಿರುತ್ತಾರೆ. ಅದರಲ್ಲಿ ಇರುವುದೇ ಜಿಂಕ್ ಆಕ್ಸೈಡ್. ಡೈಪರ್ ಕ್ರೀಮಲ್ಲೂ ಅದೇ, ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರಿನ ಅಂಟಲ್ಲೂ ಅದೇ. ಪೌಡರ್ ಹಾಕಿದ ಗ್ಲೌಸನ್ನೂ ನಂಬಬೇಡಿ. ನಮ್ಮ ಭಾಗದಲ್ಲಿ ಇನ್ನೊಂದಿದೆ: ಭತ್ತದ ಗದ್ದೆಗೆ ಜಿಂಕ್ ಸಲ್ಫೇಟ್ ಎರಚಿ ಬಂದ ಅಪ್ಪ, ಅದೇ ಕೈಯಲ್ಲಿ ಕೂಸಿನ ತೋಳು ಹಿಡಿಯುತ್ತಾನೆ. ಈಗ ಕೂಸಿನ ತೋಳು, ಹಿಡಿಯುವವರ ಕೈ ಎರಡನ್ನೂ ಸೋಪು ಹಾಕಿ ತೊಳೆಸಿ, ಒಣಗಿದ ಮೇಲೆ ಸ್ಪಿರಿಟ್ ಹಚ್ಚುತ್ತೇನೆ.

ಹಿಮೋಲಿಸಿಸ್, ಅಂದರೆ ಕೆಂಪು ರಕ್ತಕಣ ಒಡೆಯುವುದು, ಇನ್ನೊಂದು ತೊಂದರೆ. ಕೆಂಪು ಕಣದೊಳಗಿನ ಜಿಂಕ್ ಸೀರಂನದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸೀರಂ ಸ್ವಲ್ಪ ಗುಲಾಬಿಯಾದರೂ ನಾನು ಕಳಿಸುವುದಿಲ್ಲ. ಶುರುವಿನಲ್ಲಿ ಮೂರರಲ್ಲೊಂದು ಹೀಗೇ ಹೋಗುತ್ತಿತ್ತು, ಈಗ ಅಪರೂಪ. 23 ನಂಬರಿನ ಬಟರ್‌ಫ್ಲೈ ಸೂಜಿ, ನಿಧಾನವಾದ ಎಳೆತ. ಇನ್ನು ಕೂಸನ್ನು ಆ ಒಂದು ನಿಮಿಷ ಅಳದ ಹಾಗೆ ಇಡುವ ಉಪಾಯ ನನ್ನ ಹೆಂಡತಿಯದು. ಅದನ್ನು ಇಲ್ಲಿ ಬರೆಯಲು ಅವಳು ಒಪ್ಪಿಲ್ಲ.

ರಕ್ತ ಹೆಪ್ಪುಗಟ್ಟಿದ ತಕ್ಷಣ ಸೆಂಟ್ರಿಫ್ಯೂಜ್ ಮಷೀನಲ್ಲಿ ತಿರುಗಿಸಿ ಸೀರಂ ಬೇರೆ ಮಾಡಬೇಕು. ಹಾಗೇ ಬಿಟ್ಟರೆ ಕಣದಿಂದ ಜಿಂಕ್ ಸೋರಿ ಸಂಖ್ಯೆ ಏರುತ್ತದೆ. ಕರೆಂಟ್ ಹೋದಾಗ ಇದೇ ದೊಡ್ಡ ತಲೆನೋವು. ಇನ್ವರ್ಟರಿಗೆ ಇಪ್ಪತ್ತು ಸಾವಿರದ ಆಸುಪಾಸು ಸುರಿದೆ. ಮೇ ತಿಂಗಳಲ್ಲಿ ರಾತ್ರಿ ಬಸ್ಸಿಗೆ ಹಾಕುವ ಡಬ್ಬಿ ಬೆಳಗಿನವರೆಗೆ ತಣ್ಣಗಿರಲು ಐಸ್ ಪ್ಯಾಕ್ ಜೊತೆ ಇನ್ನೊಂದು ವಸ್ತುವನ್ನೂ ಹಾಕುತ್ತೇನೆ. ಅದೇನೆಂಬ ಗುಟ್ಟು ಸದ್ಯಕ್ಕೆ ನನ್ನಲ್ಲೇ ಇರಲಿ.

ನನ್ನದೇ ರಕ್ತವನ್ನು ಒಂದೇ ದಿನ ಬೆಳಿಗ್ಗೆ, ಸಂಜೆ ತೆಗೆದು ಕಳಿಸಿದ್ದೂ ಉಂಟು. ಸಂಜೆಯದ್ದು ಹತ್ತು ಹನ್ನೆರಡು ಕಡಿಮೆ ಬಂತು. ಮಕ್ಕಳಿಗೆ ಬೆಳಿಗ್ಗೆ 65, ಮಧ್ಯಾಹ್ನದ ಮೇಲೆ 57 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಅಂತ ಬೇರೆ ಬೇರೆ ಗೆರೆ ಇಟ್ಟಿರುವುದು ಇದಕ್ಕೇ. ಈಗ ಫಾರಂ ಮೇಲೆ ಗಂಟೆ ಬರೆಯದೆ ಸ್ಯಾಂಪಲ್ ಮುಟ್ಟುವುದಿಲ್ಲ.

ಇಷ್ಟೆಲ್ಲಾ ಆದರೂ ಒಬ್ಬ ಹಿರಿಯ ಡಾಕ್ಟರು ಬಗ್ಗಲಿಲ್ಲ. ನ್ಯುಮೋನಿಯಾಗೆ ಅಡ್ಮಿಟ್ ಆದ ಕೂಸುಗಳಿಗೆಲ್ಲಾ ಕಡಿಮೆಯೇ ಬರುತ್ತದಲ್ಲ, ಇದರಿಂದ ನನಗೇನು ತಿಳಿಯಿತು ಅಂದರು. ಅವರ ಮಾತು ಸರಿಯಿತ್ತು. ಸೋಂಕು ಬಂದಾಗ ಜಿಂಕ್ ರಕ್ತದಿಂದ ಲಿವರಿಗೆ ಸರಿಯುತ್ತದೆ. ಆ ಹೊತ್ತಿನ ಸಂಖ್ಯೆ ಜ್ವರದ್ದು, ಊಟದ್ದಲ್ಲ. ವೆಲ್ಲೂರಿನಲ್ಲಿ ತೀವ್ರ ನ್ಯುಮೋನಿಯಾ ಆದ ಮಕ್ಕಳಿಗೆ ಜಿಂಕ್ ಕೊಟ್ಟು ನೋಡಿದ 2006ರ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ ಎಂಬುದನ್ನೂ ಅವರು ಎತ್ತಿದರು. 1998ರಲ್ಲಿ ಬಂದ ದೆಹಲಿಯ ಅಧ್ಯಯನ ಬೇರೆ. ಅಲ್ಲಿ ಮೊದಲಿಂದಲೇ ದಿನಾ ಜಿಂಕ್ ಕೊಟ್ಟ ಮಕ್ಕಳಲ್ಲಿ ಶ್ವಾಸಕೋಶದ ಸೋಂಕು 45% ಕಡಿಮೆಯಾಗಿತ್ತು.

ಹಾಗಾಗಿ ಅವರಿಗೆ ಒಂದು ಮಾತು ಹೇಳಿದೆ: ಜ್ವರ ಬಿಟ್ಟು ಮೂರು ವಾರ ಆಗಲಿ, ಸಿಆರ್‌ಪಿ (ಮೈಯ ಉರಿಯೂತ ತೋರಿಸುವ ರಕ್ತ ಪರೀಕ್ಷೆ) ಇಳಿದದ್ದು ನೋಡಿ ತೆಗೆಯೋಣ. ಭೇದಿಗೆ ಆಶಾ ಕಾರ್ಯಕರ್ತೆ ಕೊಟ್ಟ 14 ದಿನದ ಜಿಂಕ್ ಮಾತ್ರೆ ಈಚೆಗೆ ನುಂಗಿದ್ದರೆ ಇನ್ನೂ ಕಾಯೋಣ. ಹೀಗೆ ತೆಗೆದಾಗ ಅರ್ಧಕ್ಕಿಂತ ಹೆಚ್ಚು ಕೂಸುಗಳು ತಾವಾಗಿಯೇ 65 ದಾಟಿದವು. ಆಮೇಲೂ ಕೆಳಗೇ ಉಳಿದವುಗಳನ್ನೇ ಡಾಕ್ಟರು ಹುಡುಕುತ್ತಿದ್ದದ್ದು. ಅವುಗಳ ಊಟ, ಔಷಧಿ ಈಗ ಅವರೇ ನೋಡಿಕೊಳ್ಳುತ್ತಾರೆ. ಈ ಮೂರು ವಾರದ ನಿಯಮವನ್ನು ಈಗ ಅವರೇ ಬೇರೆಯವರಿಗೆ ಹೇಳುತ್ತಾರೆ. ನನಗೆ ಅದೇ ಖುಷಿ.

ಉಳಿದಿರುವುದು ಕಡುನೀಲಿ ಟ್ಯೂಬಿನ ಖರ್ಚು. ಕೆಂಪಿನದಕ್ಕಿಂತ ಹತ್ತು ಪಟ್ಟು ಬೆಲೆ, ಬಾಕ್ಸ್ ಒಡೆದು ಕೊಡುವುದಿಲ್ಲ, ಖಾಲಿಯಾಗುವ ಮುಂಚೆ ಡೇಟು ಮುಗಿಯುತ್ತದೆ. ಕಾರಟಗಿ, ಕನಕಗಿರಿ, ಸಿರುಗುಪ್ಪದ ಲ್ಯಾಬಿನವರು ಯಾರಾದರೂ ಜೊತೆಗೂಡಿದರೆ ಒಂದು ಬಾಕ್ಸ್ ತರಿಸಿ ಹಂಚಿಕೊಳ್ಳೋಣ. ಮುಂದಿನ ಆರ್ಡರ್ ದಸರಾ ಹೊತ್ತಿಗೆ ಹಾಕುತ್ತೇನೆ.