ಹಾಸಿಗೆಯ ಪಕ್ಕದ ವೆದರ್ ರೇಡಿಯೊ: ನಾನು ಅದನ್ನು ಹೊಂದಿಸಿಕೊಂಡ ಬಗೆ

ಅಮೆರಿಕದ ಒಕ್ಲಹೋಮ ರಾಜ್ಯಕ್ಕೆ ಬಂದು ನೆಲೆಸಿದವರಿಗೆ ಸುಂಟರಗಾಳಿ ಎಂದರೆ ಮೇ ತಿಂಗಳ ಸಂಜೆಯ ಸಂಗತಿ ಎಂಬ ಭಾವನೆ ಬೇಗ ಬೇರೂರುತ್ತದೆ. ಆದರೆ ನಾನಿರುವ ನಾರ್ಮನ್ ಊರಿಗೆ 2023ರಲ್ಲಿ ಸುಂಟರಗಾಳಿ ಬಡಿದದ್ದು ಫೆಬ್ರವರಿ 26ರ ರಾತ್ರಿ. 2024ರ ನವೆಂಬರ್ 3ರಂದು ಮಧ್ಯರಾತ್ರಿ ಕಳೆದ ಮೇಲೆ ಪಕ್ಕದ ಒಕ್ಲಹೋಮ ಸಿಟಿಯ ಮೇಲೆ ಸುಂಟರಗಾಳಿಗಳು ಹಾದುಹೋದವು. ಬೇಸಿಗೆಗೆಂದು ಒಂದು ಗಂಟೆ ಮುಂದಿಟ್ಟಿದ್ದ ಗಡಿಯಾರವನ್ನು ಮತ್ತೆ ಹಿಂದಕ್ಕೆ ತಿರುಗಿಸುವ ರಾತ್ರಿಯೂ ಅದೇ ಆಗಿತ್ತು. ಎರಡೂ ಕತ್ತಲಲ್ಲಿ ಬಂದವು, ಎರಡೂ ಜನ ನಿರೀಕ್ಷಿಸುವ ಋತುವಿನ ಹೊರಗೆ ಬಂದವು. ಊರಿನ ಸೈರನ್‌ಗಳು ಮನೆಯ ಹೊರಗಿರುವವರನ್ನು ಎಚ್ಚರಿಸಲೆಂದು ಇರುವಂಥವು. ಬಾಗಿಲು ಕಿಟಕಿ ಮುಚ್ಚಿ ಮಲಗಿದವರ ಕಿವಿಗೆ ಅವು ಬಿದ್ದೇ ಬೀಳುತ್ತವೆ ಎನ್ನುವಂತಿಲ್ಲ. ಫೋನಿಗೆ ಎಚ್ಚರಿಕೆ ಬರುತ್ತದೆ ನಿಜ, ಆದರೆ ಫೋನು ಬೇರೆ ಕೋಣೆಯಲ್ಲಿ ಚಾರ್ಜ್ ಆಗುತ್ತಿರಬಹುದು, ಆರಿರಬಹುದು, ಟವರಿಗೇ ಕರೆಂಟು ಹೋಗಿರಬಹುದು. ಇಂಥ ರಾತ್ರಿಗಳಿಗೆಂದೇ ನಾನು ಆ ಎರಡಕ್ಕೂ ಮೊದಲೇ ಮಲಗುವ ಕೋಣೆಯ ಗಡಿಯಾರವನ್ನು ಬದಲಿಸಿ, ಹವಾಮಾನದ ಎಚ್ಚರಿಕೆ ಕೊಡುವ ಕ್ಲಾಕ್ ರೇಡಿಯೊ ಇಟ್ಟುಕೊಂಡೆ.

ಅದನ್ನು ಬಳಸುತ್ತ ನನಗೆ ಖಚಿತವಾದ ಸಂಗತಿ ಒಂದೇ. ಈ ಯಂತ್ರ ಎಷ್ಟು ಜೋರಾಗಿ ಕೂಗುತ್ತದೆ ಎಂಬುದಕ್ಕಿಂತ, ಬೇಡದಾಗ ಎಷ್ಟು ಸುಮ್ಮನಿರುತ್ತದೆ ಎಂಬುದು ಮುಖ್ಯ. ವಾರಕ್ಕೆರಡು ರಾತ್ರಿ ಸುಮ್ಮಸುಮ್ಮನೆ ಎಬ್ಬಿಸುವ ರೇಡಿಯೊದ ಪ್ಲಗ್ಗನ್ನು ಯಾರಾದರೂ ಕಿತ್ತೇ ಕೀಳುತ್ತಾರೆ, ಕಿತ್ತಿಟ್ಟ ರೇಡಿಯೊ ಅಗತ್ಯ ಬಿದ್ದ ರಾತ್ರಿ ಯಾರನ್ನೂ ಕಾಯುವುದಿಲ್ಲ. ಆದ್ದರಿಂದ ಕೊಳ್ಳುವುದಕ್ಕಿಂತ ಹೊಂದಿಸುವುದಕ್ಕೇ ಹೆಚ್ಚು ಗಮನ ಕೊಡಬೇಕು.

ಮೊದಲು ಅದು ಏನನ್ನು ಕೇಳಿಸಿಕೊಳ್ಳುತ್ತದೆ ಎಂಬುದನ್ನು ಹೇಳುತ್ತೇನೆ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ನಡೆಸುವ ನೋವಾ ವೆದರ್ ರೇಡಿಯೊ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಪ್ರಸಾರ ಕೇಂದ್ರಗಳಿಂದ ದಿನದ 24 ಗಂಟೆಯೂ ಬಿತ್ತರವಾಗುತ್ತದೆ. ಅದಕ್ಕೆ ಮೀಸಲಾದದ್ದು ಏಳು ತರಂಗಾಂತರಗಳು, 162.400ರಿಂದ 162.550 ಮೆಗಾಹರ್ಟ್ಜ್‌ವರೆಗೆ, 0.025ರ ಅಂತರದಲ್ಲಿ. ಎಫ್‌ಎಂ ಬ್ಯಾಂಡು 108ಕ್ಕೇ ಮುಗಿಯುವುದರಿಂದ ಮಾಮೂಲಿ ರೇಡಿಯೊದಲ್ಲಿ ಇದು ಸಿಗುವುದಿಲ್ಲ. ಎಚ್ಚರಿಕೆ ಹೊರಡುವಾಗ ಮೊದಲು ಕರಕರ ಎನ್ನುವ ಡಿಜಿಟಲ್ ಸಂಕೇತ ಮೂರು ಬಾರಿ ಬರುತ್ತದೆ. ಆಮೇಲೆ 1050 ಹರ್ಟ್ಜ್‌ನ ಉದ್ದನೆಯ ಕೂಗು. ಅದರ ನಂತರ ಮಾತು. ಆ ಕರಕರದೊಳಗೆ ಯಾವ ಬಗೆಯ ಅಪಾಯ, ಯಾವ ಯಾವ ಕೌಂಟಿಗಳಿಗೆ (ಕೌಂಟಿ ಎಂದರೆ ರಾಜ್ಯದೊಳಗಿನ ಜಿಲ್ಲೆಯಂಥ ವಿಭಾಗ), ಎಷ್ಟು ಹೊತ್ತು ಎಂಬ ವಿವರವೆಲ್ಲ ಅಡಕವಾಗಿರುತ್ತದೆ. ಇದಕ್ಕೆ ಸೇಮ್ ಕೋಡ್ ಎಂದು ಹೆಸರು. ಹಳೆಯ ಅಗ್ಗದ ರೇಡಿಯೊಗಳು ಆ 1050 ಹರ್ಟ್ಜ್ ಕೂಗನ್ನಷ್ಟೇ ಗುರುತಿಸುತ್ತವೆ, ಹಾಗಾಗಿ ಆ ಕೇಂದ್ರದ ವ್ಯಾಪ್ತಿಯ ಯಾವುದೋ ದೂರದ ಕೌಂಟಿಗೆ ಮಳೆಗಾಳಿ ಬಂದರೂ ನಮ್ಮನ್ನು ಎಬ್ಬಿಸುತ್ತವೆ. ಸೇಮ್ ಸೌಲಭ್ಯವಿಲ್ಲದ ರೇಡಿಯೊವನ್ನು ಮಲಗುವ ಕೋಣೆಗೆ ನಾನಂತೂ ತರುವುದಿಲ್ಲ.

ಮಿಡ್‌ಲ್ಯಾಂಡ್, ಸ್ಯಾಂಜಿಯನ್ ಮುಂತಾದ ಕಂಪನಿಗಳು ಎಎಂ, ಎಫ್‌ಎಂ, ಅಲಾರಂ ಮತ್ತು ವೆದರ್ ಬ್ಯಾಂಡ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಕ್ಲಾಕ್ ರೇಡಿಯೊಗಳನ್ನು ಮಾಡುತ್ತವೆ. ಆರಿಸುವಾಗ ನಾನು ಕೈಪಿಡಿಯಲ್ಲಿ ಮೊದಲು ಹುಡುಕಿದ್ದು ಬ್ಯಾಟರಿಯ ಪುಟವನ್ನು. ಬ್ಯಾಟರಿ ಬ್ಯಾಕಪ್ ಇದೆ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದರೂ ಅನೇಕ ಕ್ಲಾಕ್ ರೇಡಿಯೊಗಳಲ್ಲಿ ಆ ಬ್ಯಾಟರಿ ಕಾಯುವುದು ಗಡಿಯಾರದ ಸಮಯವನ್ನು ಮಾತ್ರ. ಕರೆಂಟು ಹೋದಾಗ ರೇಡಿಯೊ ಭಾಗ ಸತ್ತೇ ಹೋಗುತ್ತದೆ. ಬಿರುಗಾಳಿಯಲ್ಲಿ ಎಲ್ಲಕ್ಕಿಂತ ಮೊದಲು ಹೋಗುವುದೇ ಕರೆಂಟು. ನನಗೆ ಬೇಕಿದ್ದದ್ದು ಬ್ಯಾಟರಿಯ ಮೇಲೆಯೂ ಎಚ್ಚರಿಕೆ ಕೊಡುವಂಥದ್ದು. ತಂದ ದಿನವೇ ಬ್ಯಾಟರಿ ಹಾಕಿ, ಗೋಡೆಯ ಪ್ಲಗ್ ತೆಗೆದು, ವೆದರ್ ಚಾನೆಲ್ಲಿನ ಮಾತು ನಿಲ್ಲದೆ ಬರುತ್ತಿದೆಯೇ ಎಂದು ಕೇಳಿಯೇ ಮುಂದಿನ ಕೆಲಸಕ್ಕೆ ಹೋದೆ. ಇನ್ನು ಪಬ್ಲಿಕ್ ಅಲರ್ಟ್ ಎಂಬ ಗುರುತು ಇದ್ದರೆ ಆ ರೇಡಿಯೊ ಈ ಕೆಲಸಕ್ಕೆಂದೇ ರೂಪಿಸಿದ ತಾಂತ್ರಿಕ ಮಾನದಂಡಕ್ಕೆ ಹೊಂದುತ್ತದೆ ಎಂದು ಅರ್ಥ.

ಹೊಂದಿಸುವಾಗ ಗಡಿಯಾರದ ಸಮಯ ಮೊದಲು. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎರಡನೆಯದು ಚಾನೆಲ್, ಮತ್ತು ಇಲ್ಲಿ ನಿಧಾನಿಸಬೇಕು. ಏಳು ಚಾನೆಲ್‌ಗಳನ್ನೂ ಒಂದೊಂದಾಗಿ ಕೇಳಿದರೆ ಒಂದಕ್ಕಿಂತ ಹೆಚ್ಚು ಕಡೆ ಮಾತು ಕೇಳಿಸಬಹುದು, ಅವುಗಳಲ್ಲಿ ಸ್ಪಷ್ಟವಾದದ್ದನ್ನು ಆರಿಸಿಬಿಡುವುದು ಸಹಜ. ಆದರೆ ಚೆನ್ನಾಗಿ ಕೇಳಿಸುವ ಕೇಂದ್ರವೇ ನಮ್ಮ ಕೌಂಟಿಯ ಎಚ್ಚರಿಕೆಯನ್ನು ಬಿತ್ತರಿಸುತ್ತದೆ ಎಂಬ ಖಾತರಿಯಿಲ್ಲ. ಪ್ರತಿ ಕೇಂದ್ರಕ್ಕೂ ಅದರದೇ ಆದ ಕೌಂಟಿಗಳ ಪಟ್ಟಿ ಇರುತ್ತದೆ, ಹವಾಮಾನ ಸೇವೆಯ ಜಾಲತಾಣದಲ್ಲಿ ಅದು ಸಿಗುತ್ತದೆ. ನನ್ನ ಮನೆ ಇರುವ ಕ್ಲೀವ್‌ಲ್ಯಾಂಡ್ ಕೌಂಟಿಗೆ ಒಕ್ಲಹೋಮ ಸಿಟಿಯ ಕೇಂದ್ರ, 162.400 ಮೆಗಾಹರ್ಟ್ಜ್. ಪಟ್ಟಿಯಲ್ಲಿ ಅದನ್ನು ಖಚಿತಪಡಿಸಿಕೊಂಡ ನಂತರವೇ ಆ ಚಾನೆಲ್ಲನ್ನು ಗಟ್ಟಿ ಮಾಡಿದೆ.

ಮೂರನೆಯದು ಕೌಂಟಿಯ ಕೋಡ್. ಅದು ಆರು ಅಂಕಿಗಳದು. ಮೊದಲ ಅಂಕಿ ಕೌಂಟಿಯ ಭಾಗವನ್ನು ಸೂಚಿಸುತ್ತದೆ, ಸೊನ್ನೆ ಎಂದರೆ ಇಡೀ ಕೌಂಟಿ. ನಂತರದ ಎರಡು ರಾಜ್ಯಕ್ಕೆ, ಕೊನೆಯ ಮೂರು ಕೌಂಟಿಗೆ. ಒಕ್ಲಹೋಮ ರಾಜ್ಯದ ಸಂಖ್ಯೆ 40, ಕ್ಲೀವ್‌ಲ್ಯಾಂಡ್ ಕೌಂಟಿಯದು 027, ಹಾಗಾಗಿ ನಾನು ತುಂಬಿದ್ದು 040027. ರೇಡಿಯೊ ಸಾಮಾನ್ಯವಾಗಿ ಸಿಂಗಲ್, ಮಲ್ಟಿಪಲ್, ಎನಿ ಎಂಬ ಮೂರು ಆಯ್ಕೆ ಕೊಡುತ್ತದೆ. ಎನಿ ಎಂದರೆ ಆ ಕೇಂದ್ರದ ಎಲ್ಲ ಎಚ್ಚರಿಕೆಗಳೂ ಬರುತ್ತವೆ. ಎಷ್ಟೋ ರೇಡಿಯೊಗಳು ಅಂಗಡಿಯಿಂದ ಬರುವುದೇ ಆ ಸ್ಥಿತಿಯಲ್ಲಿ, ಮೊದಲ ವಾರಕ್ಕೇ ಜನ ಬೇಸತ್ತು ಮೂಲೆಗೆ ಎಸೆಯುವುದೂ ಅದಕ್ಕೇ.

ನಾನು ಮಲ್ಟಿಪಲ್ ಆರಿಸಿ ಇನ್ನೆರಡು ಕೌಂಟಿ ಸೇರಿಸಿದ್ದೇನೆ: ಮೆಕ್ಲೇನ್, 040087, ಮತ್ತು ಗ್ರೇಡಿ, 040051. ಕಾರಣ ಈ ನಾಡಿನ ಬಿರುಗಾಳಿಗಳ ಹಾದಿಯಲ್ಲಿದೆ. 1999ರ ಮೇ 3ರ ಸುಂಟರಗಾಳಿ ಗ್ರೇಡಿ ಕೌಂಟಿಯಲ್ಲಿ ಹುಟ್ಟಿ, ಮೆಕ್ಲೇನ್ ದಾಟಿ, ನಮ್ಮ ಕೌಂಟಿಯ ಮೂರ್ ಪಟ್ಟಣಕ್ಕೆ ನುಗ್ಗಿತು. 24 ಜನರನ್ನು ಬಲಿ ತೆಗೆದುಕೊಂಡ 2013ರ ಮೇ 20ರ ಸುಂಟರಗಾಳಿಯೂ ಮೆಕ್ಲೇನ್ ಕೌಂಟಿಯ ನ್ಯೂಕ್ಯಾಸಲ್ ಕಡೆಯಿಂದಲೇ ಮೂರ್‌ಗೆ ಬಂತು. ನೈಋತ್ಯದ ಎರಡು ಕೌಂಟಿಗಳ ಎಚ್ಚರಿಕೆ ಕೇಳಿಸಿದರೆ ಹಾಸಿಗೆಯಿಂದ ಎದ್ದು ಬೂಟು ಹಾಕಿಕೊಳ್ಳುವಷ್ಟು ಹೊತ್ತು ಹೆಚ್ಚಿಗೆ ಸಿಗುತ್ತದೆ. ಉತ್ತರಕ್ಕಿರುವ ಒಕ್ಲಹೋಮ ಕೌಂಟಿಯನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ. ನಮ್ಮನ್ನು ದಾಟಿ ಅತ್ತ ಹೋದ ಬಿರುಗಾಳಿಗೆ ಮತ್ತೆ ನನ್ನನ್ನು ಎಬ್ಬಿಸುವ ಅಗತ್ಯವಿಲ್ಲ. ನೆರೆಯ ಎಲ್ಲ ಕೌಂಟಿಗಳನ್ನೂ ತುಂಬಿಕೊಳ್ಳಿ ಎಂದು ಕೆಲವರು ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ: ಬಿರುಗಾಳಿ ಯಾವ ದಿಕ್ಕಿನಿಂದ ಬರುತ್ತದೋ ಆ ದಿಕ್ಕಿನದು ಸಾಕು.

ನಾಲ್ಕನೆಯದು ಯಾವ ಬಗೆಯ ಎಚ್ಚರಿಕೆಗೆ ರೇಡಿಯೊ ದನಿ ಎತ್ತಬೇಕು ಎಂಬ ಆಯ್ಕೆ. ವಾಚ್ ಎಂದರೆ ಅಪಾಯಕ್ಕೆ ತಕ್ಕ ವಾತಾವರಣ ಕೂಡಿಬರುತ್ತಿದೆ ಎಂಬ ಸೂಚನೆ, ಅದು ಗಂಟೆಗಟ್ಟಲೆ ಜಾರಿಯಲ್ಲಿರುತ್ತದೆ. ವಾರ್ನಿಂಗ್ ಎಂದರೆ ಅಪಾಯ ಕಣ್ಣಿಗೋ ರೇಡಾರಿಗೋ ಬಿದ್ದಿದೆ, ಈಗಲೇ ಕಾರ್ಯಪ್ರವೃತ್ತರಾಗಬೇಕು. ನಾನು ಪ್ರವಾಹದ ವಾಚ್ ಮತ್ತು ಚಳಿಗಾಲದ ಬಿರುಗಾಳಿಯ ವಾಚ್‌ಗಳ ದನಿಯನ್ನು ತೆಗೆದುಹಾಕಿದ್ದೇನೆ. ಹಗಲಿನಲ್ಲಿ ಮುನ್ಸೂಚನೆ ನೋಡಿದರೆ ಅವು ಹೇಗೂ ತಿಳಿಯುತ್ತವೆ. ಸುಂಟರಗಾಳಿಯ ವಾಚ್ ಮತ್ತು ವಾರ್ನಿಂಗ್, ದಿಢೀರ್ ಪ್ರವಾಹದ ವಾರ್ನಿಂಗ್, ಇವುಗಳನ್ನು ಇಟ್ಟಿದ್ದೇನೆ. ತೀವ್ರ ಗುಡುಗುಮಳೆಯ ವಾರ್ನಿಂಗ್ ವಿಷಯದಲ್ಲಿ ಬಹಳ ಯೋಚಿಸಿದೆ, ಏಕೆಂದರೆ ವಸಂತದಲ್ಲಿ ಅದು ಪದೇ ಪದೇ ಬರುತ್ತದೆ. ಕೊನೆಗೆ ಅದನ್ನೂ ಉಳಿಸಿಕೊಂಡೆ. ಫೋನಿಗೆ ಬರುವ ಸರ್ಕಾರಿ ಎಚ್ಚರಿಕೆ ಎಲ್ಲ ಗುಡುಗುಮಳೆಗಳಿಗೂ ಬರುವುದಿಲ್ಲ, ಗಂಟೆಗೆ 80 ಮೈಲಿ ವೇಗದ ಗಾಳಿ ಅಥವಾ ಬೇಸ್‌ಬಾಲ್ ಗಾತ್ರದ ಆಲಿಕಲ್ಲಿನಂಥ ವಿನಾಶಕಾರಿ ಹಂತಕ್ಕೆ ಮಾತ್ರ. ಮತ್ತು ಗುಡುಗುಮಳೆಯ ಮೋಡದಿಂದಲೇ ಸುಂಟರಗಾಳಿ ಇಳಿಯುವುದು.

ಕೌಂಟಿಯ ಲೆಕ್ಕಕ್ಕೆ ಒಂದು ಮಿತಿಯಿದೆ, ಅದನ್ನು ಅರಿತಿದ್ದರೆ ರೇಡಿಯೊದ ಮೇಲೆ ಸಿಟ್ಟು ಬರುವುದಿಲ್ಲ. 2007ರ ಅಕ್ಟೋಬರ್‌ನಿಂದ ಹವಾಮಾನ ಸೇವೆ ಇಂಥ ವಾರ್ನಿಂಗ್‌ಗಳನ್ನು ಇಡೀ ಕೌಂಟಿಗೆ ಕೊಡದೆ ಬಿರುಗಾಳಿಯ ಹಾದಿಯನ್ನು ಸುತ್ತುವರಿದ ಬಹುಭುಜದೊಳಗಿನ ಪ್ರದೇಶಕ್ಕೆ ಮಾತ್ರ ಕೊಡುತ್ತದೆ. ರೇಡಿಯೊದ ಸಂಕೇತ ಮಾತ್ರ ಇಂದಿಗೂ ಕೌಂಟಿಯನ್ನೇ ಹೆಸರಿಸುತ್ತದೆ. ಕೌಂಟಿಯ ಪೂರ್ವದ ಥಂಡರ್‌ಬರ್ಡ್ ಸರೋವರದ ಕಡೆ ಅಪಾಯವಿದ್ದರೂ ಪಶ್ಚಿಮದಲ್ಲಿರುವ ನನ್ನ ಗಡಿಯಾರ ಕೂಗುತ್ತದೆ. ಆದ್ದರಿಂದ ನಾನು ರೇಡಿಯೊವನ್ನು ಕೂಗಿನ ನಂತರ ತಾನಾಗಿ ಮಾತಿಗೆ ತಿರುಗುವ ಸ್ಥಿತಿಯಲ್ಲಿ ಇಟ್ಟಿದ್ದೇನೆ. ಊರುಗಳ ಹೆಸರು, ಬಿರುಗಾಳಿ ಹೋಗುತ್ತಿರುವ ದಿಕ್ಕು, ವೇಗ ಎಲ್ಲವನ್ನೂ ಆ ಯಂತ್ರದ ದನಿ ಸ್ಪಷ್ಟವಾಗಿ ಓದುತ್ತದೆ. ಕೂಗನ್ನು ಕೇಳಿದ ಕೂಡಲೇ ಗುಂಡಿ ಒತ್ತಿ ಬಾಯಿ ಮುಚ್ಚಿಸಿದರೆ ಎಚ್ಚರಿಕೆಯ ಅರ್ಧವನ್ನೇ ಕೇಳಿದಂತಾಗುತ್ತದೆ.

ಎಲ್ಲಿಡಬೇಕು ಎಂಬುದೂ ಸಣ್ಣ ಮಾತಲ್ಲ. ಈ ಅಲೆಯ ಉದ್ದ ಸುಮಾರು 1.85 ಮೀಟರ್, ಅದರ ಕಾಲುಭಾಗ ಸುಮಾರು 46 ಸೆಂಟಿಮೀಟರ್. ಎಳೆದು ಉದ್ದ ಮಾಡುವ ಆಂಟೆನಾ ಇದ್ದರೆ ಅದನ್ನು ಆ ಉದ್ದಕ್ಕೆ ಎಳೆದು ನೆಟ್ಟಗೆ ನಿಲ್ಲಿಸಿದಾಗ ದನಿ ತಿಳಿಯಾಗುವುದನ್ನು ನಾನು ಕೇಳಿ ನೋಡಿದ್ದೇನೆ. ಹಾಸಿಗೆಯ ಎಡಕ್ಕಿದ್ದ ಮೇಜಿನ ಮೇಲೆ ಇಟ್ಟಾಗ ಮಾತಿನ ಹಿಂದೆ ಸಣ್ಣ ಸುಯ್ ಶಬ್ದವಿತ್ತು. ಅಲ್ಲೇ ಇದ್ದ ಫೋನ್ ಚಾರ್ಜರನ್ನು ಗೋಡೆಯಿಂದ ತೆಗೆದಾಗ ಶಬ್ದ ನಿಂತಿತು, ಮತ್ತೆ ಚುಚ್ಚಿದಾಗ ಬಂತು. ಚಾರ್ಜರನ್ನು ಕೋಣೆಯ ಆಚೆ ಬದಿಗೆ ಒಯ್ದು, ರೇಡಿಯೊವನ್ನು ಕಿಟಕಿಗೆ ಒಂದು ಮೊಳ ಹತ್ತಿರ ಸರಿಸಿದೆ. ಎಲ್‌ಇಡಿ ದೀಪಗಳು, ವೈಫೈ ರೂಟರ್‌ಗಳೂ ಹೀಗೆಯೇ ಅಡ್ಡ ಬರಬಹುದು. ಹಾಗೆಂದು ದೂರದ ಕೋಣೆಗೆ ಒಯ್ಯಬಾರದು. ಮಲಗಿದವರಿಗೆ ಕೇಳಿಸಬೇಕಾದದ್ದು ಮಲಗಿದವರ ಹತ್ತಿರವೇ ಇರಬೇಕು. ಬೆಳಗಿನ ಅಲಾರಂಗೆ ಎಫ್‌ಎಂ ಸಂಗೀತವನ್ನು ಇಟ್ಟು, ಕೂಗುವ ದನಿಯನ್ನು ಹವಾಮಾನಕ್ಕೇ ಮೀಸಲಿಟ್ಟಿದ್ದೇನೆ. ಎರಡಕ್ಕೂ ಒಂದೇ ಬಗೆಯ ಬೀಪ್ ಇದ್ದರೆ ನಿದ್ದೆಗಣ್ಣಿನಲ್ಲಿ ಕೈ ತಾನಾಗಿ ಸ್ನೂಜ್ ಗುಂಡಿಗೆ ಹೋಗುತ್ತದೆ.

2023ರ ಆ ಫೆಬ್ರವರಿ ರಾತ್ರಿ ಮಕ್ಕಳು ಆಗಲೇ ಮಲಗಿದ್ದರು. ಕೋಣೆಯಿಂದ ಕೂಗು ಎದ್ದಿತು, ಪರದೆಯ ಮೇಲೆ ಟೊರ್ನೇಡೊ ವಾರ್ನಿಂಗ್ ಎಂಬ ಅಕ್ಷರಗಳು ಸರಿಯತೊಡಗಿದವು, ಕೆಂಪು ದೀಪ ಮಿನುಗುತ್ತಿತ್ತು. ಮಾತು ಶುರುವಾಗುವ ಹೊತ್ತಿಗೆ ನಾವು ಮಕ್ಕಳನ್ನು ಎತ್ತಿಕೊಂಡು ಕಿಟಕಿಯಿಲ್ಲದ ಒಳಗಿನ ಬಚ್ಚಲಿನತ್ತ ನಡೆಯುತ್ತಿದ್ದೆವು. ನಾರ್ಮನ್ ಎಂಬ ಹೆಸರು ಕಿವಿಗೆ ಬಿದ್ದದ್ದು ನಡುದಾರಿಯಲ್ಲಿ. ಬೂಟು, ಸೈಕಲ್ ಹೆಲ್ಮೆಟ್, ಟಾರ್ಚು ಅಲ್ಲೇ ಇಟ್ಟಿರುತ್ತೇವೆ. ನಮ್ಮ ಬೀದಿಗೆ ಏನೂ ಆಗಲಿಲ್ಲ, ಊರಿನ ಬೇರೆ ಭಾಗದ ಮನೆಗಳಿಗೆ ಆಯಿತು.

ಊರಿನಿಂದ ತಂದೆತಾಯಿ ಬಂದು ಇದ್ದಾಗ ಇನ್ನೊಂದು ಪ್ರಶ್ನೆ ಎದುರಾಯಿತು. ಅಮ್ಮನಿಗೆ ಇಂಗ್ಲಿಷ್ ಮಾತು, ಅದರಲ್ಲೂ ಯಂತ್ರದ ಉಚ್ಚಾರಣೆ, ಹಿಡಿಯುವುದಿಲ್ಲ. ಅಪ್ಪನಿಗೆ ಕಿವಿ ಮಂದ. ನಮ್ಮ ರೇಡಿಯೊದಲ್ಲಿ ವಾರ್ನಿಂಗ್‌ಗೆ ಕೆಂಪು, ವಾಚ್‌ಗೆ ಕಿತ್ತಳೆ, ಅದಕ್ಕಿಂತ ಕೆಳಗಿನ ಸೂಚನೆಗಳಿಗೆ ಹಳದಿ ದೀಪ ಇರುವುದರಿಂದ ಅಮ್ಮನಿಗೆ ಬಣ್ಣಗಳನ್ನೇ ಕಲಿಸಿದೆ: ಕೆಂಪು ಕಂಡರೆ ಏನನ್ನೂ ಕೇಳದೆ ಅಪ್ಪನ ಕೈ ಹಿಡಿದು ಬಚ್ಚಲಿಗೆ. ಕಿವಿ ಕೇಳದವರಿಗಾಗಿ ದಿಂಬಿನಡಿಯಲ್ಲಿ ನಡುಗುವ ಸಾಧನ ಮತ್ತು ಮಿಂಚುವ ದೀಪಗಳನ್ನು ಜೋಡಿಸಲು ಕೆಲವು ರೇಡಿಯೊಗಳ ಹಿಂಬದಿಯಲ್ಲಿ ಜಾಗವಿರುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

ಉಸ್ತುವಾರಿಗೆ ಹೆಚ್ಚು ಹೊತ್ತು ಬೇಕಿಲ್ಲ. ಹವಾಮಾನ ಸೇವೆ ಸಾಮಾನ್ಯವಾಗಿ ಬುಧವಾರಗಳಂದು ಹಗಲಿನಲ್ಲಿ ಪರೀಕ್ಷಾ ಸಂಕೇತ ಕಳಿಸುತ್ತದೆ, ನಿಜವಾದ ಬಿರುಗಾಳಿಯ ಸಾಧ್ಯತೆಯಿದ್ದ ದಿನ ಅದನ್ನು ಮುಂದೂಡುತ್ತದೆ. ಕೆಲಸದಿಂದ ಬಂದಾಗ ಪರದೆಯಲ್ಲಿ ಅದರ ಗುರುತು ಉಳಿದಿದ್ದರೆ ಕೇಂದ್ರ, ಆಂಟೆನಾ, ಕೋಡ್ ಮೂರೂ ಸರಿಯಿವೆ ಎಂದು ತಿಳಿಯುತ್ತದೆ. ಅದು ಕಾಣದಿದ್ದರೆ ಅಂದೇ ಚಾನೆಲ್ ಕೇಳಿ ನೋಡುತ್ತೇನೆ. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ತಿದ್ದುವ ದಿನ ಬ್ಯಾಟರಿಗಳನ್ನು ಹೊರತೆಗೆದು, ಸೋರಿದ ಬಿಳಿ ಪುಡಿ ಇದೆಯೇ ಎಂದು ನೋಡಿ, ಹಳೆಯವಾಗಿದ್ದರೆ ಬದಲಿಸುತ್ತೇನೆ. ಕಾರಿನಲ್ಲಿ ಬೇರೆ ರಾಜ್ಯಕ್ಕೆ ಹೊರಟಾಗ ಇದೇ ರೇಡಿಯೊವನ್ನು ಬಟ್ಟೆಯ ನಡುವೆ ಸುತ್ತಿ ಒಯ್ಯುತ್ತೇನೆ. ತಂಗುವ ಕೌಂಟಿಯ ಕೋಡ್ ಮೊದಲೇ ಬರೆದುಕೊಂಡಿರದಿದ್ದರೆ ಆ ಒಂದು ರಾತ್ರಿಯ ಮಟ್ಟಿಗೆ ಎನಿ ಸ್ಥಿತಿಯೇ ಸರಿ. ಮರಳಿದ ಮೇಲೆ ಚಾನೆಲ್ಲನ್ನೂ ಮೂರು ಕೋಡ್‌ಗಳನ್ನೂ ಮತ್ತೆ ಸರಿಪಡಿಸಿ, ಬರುವ ಬುಧವಾರ ಪರೀಕ್ಷೆಯ ಗುರುತು ಬಂತೇ ಎಂದು ತಪ್ಪದೆ ನೋಡುತ್ತೇನೆ.