ದುಡ್ಡಿಲ್ಲದ ಕೋರಸ್‌ಗೆ ಕರೆದರೆ ಹೋಗಬೇಕಾ?

ದಸರಾ, ರಾಜ್ಯೋತ್ಸವ ಹತ್ತಿರ ಬಂದರೆ ಮೈಸೂರಲ್ಲಿ ಕೋರಸ್‌ಗೆ ಜನ ಬೇಕು ಅಂತ ಫೋನ್ ಶುರು. ಸಂಭಾವನೆ ಇಲ್ಲ ಅಂತ ತಕ್ಷಣ ಬೇಡ ಅನ್ನಬೇಡಿ. ಹಾಡು ಕಲಿಸುವವರು ಯಾರು ಅಂತ ಮೊದಲು ಕೇಳಿ. ಪಲ್ಲವಿ ಎಲ್ಲರ ಬಾಯಲ್ಲೂ ಒಂದಾಗಿ ಬರೋವರೆಗೂ ಬಿಡದೆ ಹಾಡಿಸುವವರಾದರೆ ಖಂಡಿತ ಹೋಗಿ. ಉಸಿರು ಎಲ್ಲಿ ತೆಗೆಯಬೇಕು, ಪಕ್ಕದವರ ದನಿ ಮುಚ್ಚದೆ ಹಾಡೋದು ಹೇಗೆ, ಇದೆಲ್ಲ ಮನೆಯಲ್ಲಿ ಕರೋಕೆ ಹಾಕಿಕೊಂಡರೆ ಬರುವುದಿಲ್ಲ. ಶ್ರುತಿ ಎಷ್ಟು ಮನೆ, ಅಂದರೆ ಹಾಡಿನ ಸ್ವರ ಎಷ್ಟು ಎತ್ತರಕ್ಕೆ ಇಟ್ಟಿದ್ದಾರೆ ಅಂತಲೂ ವಿಚಾರಿಸಿ. ಗಂಡಸರು, ಹೆಂಗಸರು ಒಟ್ಟಿಗೆ ಹಾಡುವಾಗ ಒಂದು ಕಡೆಯವರ ಗಂಟಲಿಗೆ ಕಷ್ಟ ಆಗಬಹುದು.

ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್‌ಗೆ ಬಾಯಾಡಿಸಿ ಸಾಕು ಅಂದರೆ ಸುಮ್ನೆ ಸಮಯ ದಂಡ. (ಕಲಾಮಂದಿರದ ವೇದಿಕೆ ಆಸೆ ಇದ್ದರೆ ಬೇರೆ ಮಾತು ಬಿಡಿ!) ಒಂದೇ ಬಣ್ಣದ ಸೀರೆ, ಮಂಡ್ಯದಂಥ ಊರಿಂದ ಬರುವವರಾದರೆ ರಾತ್ರಿ ವಾಪಸ್ ಹೋಗುವ ಖರ್ಚು ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಟಿಕೆಟ್ ಇಟ್ಟು, ತಬಲಾ, ಕೀಬೋರ್ಡ್‌ನವರಿಗೆಲ್ಲ ದುಡ್ಡು ಕೊಟ್ಟು, ಕೋರಸ್‌ನವರದು ಮಾತ್ರ ಸೇವೆ ಅಂದರೆ ನಾನಂತೂ ಒಪ್ಪುವುದಿಲ್ಲ.